ಓದುಗರ ಪ್ರಶ್ನೆಗೆ ಉತ್ತರ: ಶಾಲೆಯಲ್ಲಿ ಮೊಬೈಲ್ ನಿಷೇಧ

ಶಾಲೆಗೆ ಮೊಬೈಲ್ ತರಬಾರದೆಂಬ ನಿಯಮದ ಬಗ್ಗೆ ಈ ಸಲ ವಿದ್ಯಾರ್ಥಿಗಳೇ ಬರೆಯಬೇಕೆಂದು ಕೇಳಿಕೊಂಡಿದ್ದೆವು. ದೊಡ್ಡವರು ಈ ಮಾತೆತ್ತಿದಾಗಲೆಲ್ಲ ಏಕಾಗ್ರತೆ, ಅಂಕ, ಚಟ ಎಂಬ ಮೂರು ಪದಗಳ ಸುತ್ತಲೇ ತಿರುಗುತ್ತಾರೆ. ಮಕ್ಕಳ ಪತ್ರಗಳಲ್ಲಿ ಕೊನೆಯ ಬಸ್ಸಿದೆ, ಅಪ್ಪನ ಜೇಬಿನಲ್ಲಿರುವ ಮನೆಯ ಒಂದೇ ಫೋನಿದೆ, ಇನ್ಸುಲಿನ್ ಇದೆ, ತನಗೆ ತಿಳಿಯದಂತೆ ತರಗತಿಯಲ್ಲಿ ಯಾರೋ ತೆಗೆದ ವಿಡಿಯೊ ಇದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದ ನಾನು ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತರಗತಿಯಲ್ಲಿ ಮೊಬೈಲ್ ಬೇಡ ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಮಗುವಿನ ಕೈಯಿಂದ ಫೋನು ತೆಗೆದುಕೊಳ್ಳುವ ಶಾಲೆಯು, ಆ ಫೋನು ಮಾಡುತ್ತಿದ್ದ ನ್ಯಾಯವಾದ ಕೆಲಸಗಳ ಹೊಣೆಯನ್ನೂ ಅದರ ಜೊತೆಗೇ ತೆಗೆದುಕೊಳ್ಳಬೇಕು. ಪತ್ರ ಬರೆದವರ ಹೆಸರನ್ನೂ ಶಾಲೆಯ ಹೆಸರನ್ನೂ ಬಿಟ್ಟಿದ್ದೇವೆ. ದೀರ್ಘವಾಗಿದ್ದ ಪತ್ರಗಳನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ನಮ್ಮ ಊರಿಗೆ ಸಂಜೆ ಇರುವುದು ಒಂದೇ ಬಸ್ಸು. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದರೆ ಅದೂ ಬರುವುದಿಲ್ಲ. ಆಗೆಲ್ಲ ಅಪ್ಪನಿಗೆ ಫೋನ್ ಮಾಡಿದರೆ ಬೈಕಿನಲ್ಲಿ ಬಂದು ಕರೆದೊಯ್ಯುತ್ತಿದ್ದರು. ಈ ವರ್ಷ ಜೂನ್‌ನಿಂದ ಕೀಪ್ಯಾಡ್ ಫೋನನ್ನೂ ತರಬಾರದು ಎಂದಿದ್ದಾರೆ. ಮೊನ್ನೆ ಏಳು ಗಂಟೆಯವರೆಗೆ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವರ ಫೋನ್ ಕೇಳಲು ನಾಚಿಕೆಯಾಯಿತು. (ಹೊಸನಗರ ತಾಲ್ಲೂಕು)

ಉತ್ತರ: ಮಗು, ಮೊದಲು ಆ ನಾಚಿಕೆಯನ್ನು ಬಿಡು. ಕತ್ತಲಾಗುವ ಹೊತ್ತಿಗೆ ಮನೆಗೆ ಒಂದು ಕರೆ ಮಾಡಬೇಕೆಂದು ಕೇಳುವ ಹುಡುಗಿಗೆ ಇಲ್ಲ ಎನ್ನುವ ಅಂಗಡಿಯವರು ನಮ್ಮ ಮಲೆನಾಡಿನಲ್ಲಿ ಸಿಗುವುದು ಕಷ್ಟ. ಭಯವೆನಿಸುವ ಸಂದರ್ಭ ಬಂದರೆ ಯಾರದೇ ಫೋನಿನಿಂದ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ನಾನು ಕೆಲಸಕ್ಕೆ ಸೇರಿದ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ಕಪ್ಪು ಫೋನಿತ್ತು. ಅಂಕಿ ತಿರುಗಿಸುವ ಬಿಲ್ಲೆಗೆ ಹಿತ್ತಾಳೆಯ ಪುಟ್ಟ ಬೀಗ ಹಾಕಿರುತ್ತಿದ್ದರು. ಬೀಗದ ಕೈ ಜವಾನರ ಸೊಂಟದಲ್ಲಿರುತ್ತಿತ್ತು. ಮಗುವಿಗೆ ಜ್ವರ ಬಂದರೆ ಅಥವಾ ಬಸ್ಸು ತಪ್ಪಿದರೆ ಆ ಬೀಗ ತೆರೆಯುತ್ತಿತ್ತು. ಫೋನಿನ ಪಕ್ಕದ ಗೋಡೆಯ ಮೇಲೆ ಊರೂರಿನ ಕಿರಾಣಿ ಅಂಗಡಿ, ಅಂಚೆ ಕಚೇರಿ, ಫೋನಿದ್ದ ಒಂದೆರಡು ಮನೆಗಳ ಸಂಖ್ಯೆಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ಯಾವ ಮಗುವಿನ ಊರಿಗೆ ಯಾರ ಮೂಲಕ ಸುದ್ದಿ ಮುಟ್ಟಿಸಬೇಕೆಂಬುದು ಆ ಗೋಡೆಗೆ ಗೊತ್ತಿತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಗೋಡೆಗೆ ಸುಣ್ಣ ಬಳಿದರು, ಸ್ಥಿರ ದೂರವಾಣಿಯ ಸಂಪರ್ಕವನ್ನೂ ತೆಗೆಸಿದರು. ಈಗ ಮಕ್ಕಳ ಫೋನನ್ನೂ ತೆಗೆದರೆ, ಒಂದು ಕಾಲಕ್ಕೆ ಶಾಲೆಯೇ ಹೊತ್ತಿದ್ದ ಹೊಣೆಯನ್ನು ಹೊರುವವರು ಯಾರೂ ಇಲ್ಲದಂತಾಗುತ್ತದೆ. ನೀನು ಏಳು ಗಂಟೆಯವರೆಗೆ ಅಂಗಡಿಯ ಮುಂದೆ ನಿಲ್ಲಬೇಕಾದದ್ದು ಇದರಿಂದಲೇ.

2025ರ ಫೆಬ್ರುವರಿ ಕೊನೆಯಲ್ಲಿ ದೆಹಲಿ ಹೈಕೋರ್ಟ್ ಇದೇ ವಿಷಯದಲ್ಲಿ ಒಂದು ಆದೇಶ ನೀಡಿದೆ. ಶಾಲೆಗೆ ಸ್ಮಾರ್ಟ್‌ಫೋನ್ ತರುವುದನ್ನೇ ಪೂರ್ತಿಯಾಗಿ ನಿಷೇಧಿಸುವುದು ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂಬ ಅಭಿಪ್ರಾಯಕ್ಕೆ ಬಂದ ನ್ಯಾಯಾಲಯವು, ತರಗತಿಯಲ್ಲಿ ಬಳಕೆಯನ್ನು ತಡೆಯಬೇಕೆಂದೂ, ಸಾಧ್ಯವಿರುವ ಕಡೆ ಬೆಳಿಗ್ಗೆ ಫೋನನ್ನು ಶಾಲೆಯಲ್ಲಿ ಒಪ್ಪಿಸಿ ಸಂಜೆ ಹಿಂಪಡೆಯುವ ವ್ಯವಸ್ಥೆ ಇರಬೇಕೆಂದೂ, ಮಕ್ಕಳ ಸುರಕ್ಷತೆ ಮತ್ತು ಮನೆಯವರೊಂದಿಗಿನ ಸಂಪರ್ಕಕ್ಕೆ ಫೋನಿನ ಬಳಕೆಯನ್ನು ಒಪ್ಪಬೇಕೆಂದೂ ಮಾರ್ಗಸೂತ್ರ ಕೊಟ್ಟಿತು. ಆ ಆದೇಶವನ್ನು ಕರ್ನಾಟಕದ ಶಾಲೆಯೊಂದು ಪಾಲಿಸಲೇಬೇಕೆಂದಿಲ್ಲ. ಆದರೂ ನಿನ್ನ ಅಪ್ಪ ಅದನ್ನು ಮುಖ್ಯ ಶಿಕ್ಷಕರ ಮುಂದೆ ಧೈರ್ಯವಾಗಿ ಪ್ರಸ್ತಾಪಿಸಬಹುದು.

ಅರ್ಜಿ ಬರೆಯುವಾಗ ಒಂದು ಎಚ್ಚರವಿರಲಿ. ‘ನನಗೆ ಮೊಬೈಲ್ ತರಲು ಅನುಮತಿ ಕೊಡಿ’ ಎಂದು ಆರಂಭಿಸಬೇಡ. ‘ಬಸ್ಸು ಬಾರದ ದಿನ ನಾನು ಮನೆಗೆ ಹೇಗೆ ತಿಳಿಸಬೇಕು’ ಎಂದು ಆರಂಭಿಸು. ಮೊದಲನೆಯದಕ್ಕೆ ‘ಇಲ್ಲ’ ಎಂಬ ಒಂದೇ ಪದದಲ್ಲಿ ಉತ್ತರ ಕೊಡಬಹುದು. ಎರಡನೆಯದಕ್ಕೆ ಅವರು ಒಂದು ವ್ಯವಸ್ಥೆಯನ್ನೇ ಹೇಳಬೇಕಾಗುತ್ತದೆ. ಕೀಪ್ಯಾಡ್ ಫೋನನ್ನು ಕಚೇರಿಯಲ್ಲಿ ಒಪ್ಪಿಸಿ ಸಂಜೆ ಪಡೆಯುವುದು ಒಂದು ದಾರಿ. ಶಾಲೆಯದೇ ಒಂದು ಫೋನಿಟ್ಟು, ಎಲ್ಲ ಮಕ್ಕಳ ಮನೆಯ ಸಂಖ್ಯೆಯ ಪಟ್ಟಿಯನ್ನು ಅದರ ಪಕ್ಕದಲ್ಲಿ ತೂಗುಹಾಕಿ, ದೂರದ ಮಕ್ಕಳು ಬಸ್ಸು ಹತ್ತುವವರೆಗೆ ಸಿಬ್ಬಂದಿಯಲ್ಲಿ ಒಬ್ಬರು ಉಳಿಯುವುದು ಇನ್ನೊಂದು ದಾರಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೂ ಅರ್ಜಿಯ ಒಂದು ಪ್ರತಿ ಹೋಗಲಿ. ನಿನ್ನದೇ ಬಸ್ಸಿಗೆ ಕಾಯುವ ಉಳಿದ ಮಕ್ಕಳ ಸಹಿಯೂ ಇದ್ದರೆ ಒಳ್ಳೆಯದು.

ಪ್ರಶ್ನೆ: ಶಾಲೆಯಲ್ಲಿ ಮೊಬೈಲ್ ಮುಟ್ಟಬಾರದು ಎನ್ನುತ್ತಾರೆ, ಆದರೆ ಹೋಂವರ್ಕ್ ಎಲ್ಲವೂ ವಾಟ್ಸ್ಆ್ಯಪ್ ಗುಂಪಿನಲ್ಲೇ ಬರುತ್ತದೆ. ನಮ್ಮ ಮನೆಯಲ್ಲಿರುವುದು ಒಂದೇ ಫೋನು. ಅಪ್ಪ ಲಾರಿ ಚಾಲಕರು, ಫೋನು ಅವರ ಜೊತೆಗೇ ಹೋಗುತ್ತದೆ. ಹೋಂವರ್ಕ್ ಮಾಡದೆ ಬಂದೆನೆಂದು ಎರಡು ಸಲ ಹೊರಗೆ ನಿಲ್ಲಿಸಿದರು. (ಏಳನೇ ತರಗತಿ, ಲಿಂಗಸುಗೂರು ತಾಲ್ಲೂಕು)

ಉತ್ತರ: ನಿನ್ನನ್ನು ಹೊರಗೆ ನಿಲ್ಲಿಸಿದ್ದು ತಪ್ಪು, ಅದನ್ನು ಒಬ್ಬ ಶಿಕ್ಷಕಿಯಾಗಿಯೇ ಹೇಳುತ್ತಿದ್ದೇನೆ. ಗ್ರಾಮೀಣ ಭಾರತದ ಶಾಲಾ ಮಕ್ಕಳ ಬಗ್ಗೆ ಪ್ರಕಟವಾಗುವ ‘ಅಸರ್’ ವರದಿಯ 2024ರ ಆವೃತ್ತಿಯ ಪ್ರಕಾರ, 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನಿದೆ. ಈ ಅಂಕಿಯನ್ನು ನೋಡಿದವರು ಎಲ್ಲ ಮಕ್ಕಳಿಗೂ ಫೋನು ಸಿಗುತ್ತದೆ ಎಂದುಕೊಳ್ಳುತ್ತಾರೆ. ಅದೇ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ 14 ವರ್ಷದ ಮಕ್ಕಳಲ್ಲಿ ಸ್ವಂತ ಫೋನಿರುವವರು ಶೇ 27ರಷ್ಟು ಮಾತ್ರ. ಮನೆಯಲ್ಲಿ ಫೋನಿರುವುದು ಬೇರೆ, ಸಂಜೆ ಆರು ಗಂಟೆಗೆ ಅದು ಮಗುವಿನ ಕೈಗೆ ಸಿಗುವುದು ಬೇರೆ. ನಿನ್ನ ವಯಸ್ಸು ಅದಕ್ಕಿಂತಲೂ ಕಡಿಮೆ.

ಈ ಗೊಂದಲ ಮಕ್ಕಳಿಂದ ಹುಟ್ಟಿದ್ದಲ್ಲ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆಯಾಜ್ಞೆ ನೀಡಿತು. ‘ವಿದ್ಯಾಗಮ’ ಎಂಬ ಸರ್ಕಾರಿ ಯೋಜನೆಯ ಹೆಸರಿನಲ್ಲಿ ಶಿಕ್ಷಕರು ಗುಡಿಯ ಜಗಲಿಗೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದ್ದೂ ಆ ವರ್ಷವೇ. ಶಾಲೆ ನಿಲ್ಲಬಾರದೆಂದು ಸಾಲ ಮಾಡಿ ಫೋನು ಕೊಂಡ ತಂದೆತಾಯಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆ ತೆರೆದ ಮೇಲೆ ಪಾಠ ಕಪ್ಪುಹಲಗೆಗೆ ಮರಳಿತು, ಹೋಂವರ್ಕ್ ಮಾತ್ರ ಫೋನಿನಲ್ಲೇ ಉಳಿದುಬಿಟ್ಟಿತು. ಫೋನನ್ನು ಗೇಟಿನಲ್ಲಿ ತಡೆಯುವ ಶಾಲೆ ತಾನೇ ಅದನ್ನು ಮಗುವಿನ ಮನೆಗೆ ಕಳುಹಿಸಿದಂತೆ ಇದು.

ಶಿಕ್ಷಕರಲ್ಲಿ ನನ್ನ ಮನವಿ ಇಷ್ಟೇ: ಕೊನೆಯ ಅವಧಿಯ ಐದು ನಿಮಿಷ ಮೊದಲು ಹೋಂವರ್ಕನ್ನು ಹಲಗೆಯ ಮೇಲೆ ಬರೆಯಿರಿ, ಮಕ್ಕಳು ಡೈರಿಯಲ್ಲಿ ಬರೆದುಕೊಳ್ಳಲಿ. ವಾಟ್ಸ್ಆ್ಯಪ್ ಗುಂಪು ಪೋಷಕರ ಸಭೆಯ ಸುದ್ದಿಗೆ, ರಜೆಯ ಸುದ್ದಿಗೆ ಇರಲಿ. ನೀನು ನಾಳೆಯೇ ತರಗತಿ ಶಿಕ್ಷಕರಿಗೆ ನಿನ್ನ ಮನೆಯ ಸ್ಥಿತಿಯನ್ನು ಹೇಳು. ಹೇಳಲು ಸಂಕೋಚವಾದರೆ ಅಮ್ಮ ಒಂದು ಚೀಟಿ ಬರೆದುಕೊಡಲಿ.

ಪ್ರಶ್ನೆ: ಜಿಲ್ಲಾ ಮಟ್ಟದ ಚರ್ಚಾ ಸ್ಪರ್ಧೆಯಲ್ಲಿ ‘ಶಾಲೆಗಳಲ್ಲಿ ಮೊಬೈಲ್ ನಿಷೇಧ ಅಗತ್ಯ’ ಎಂಬ ವಿಷಯವಿದೆ. ನಿಷೇಧಿಸಿದರೆ ನಿಜವಾಗಿಯೂ ಅಂಕ ಹೆಚ್ಚುತ್ತದೆಯೇ? ಬೇರೆ ದೇಶಗಳಲ್ಲಿ ಏನಾಗಿದೆ? ಪರವಾಗಿ ಮಾತನಾಡಲೇ, ವಿರೋಧವಾಗಿ ಮಾತನಾಡಲೇ? (ಹತ್ತನೇ ತರಗತಿ, ಪುತ್ತೂರು)

ಉತ್ತರ: ಯಾವ ಪಕ್ಷ ವಹಿಸಿದರೂ ಅಂಕಿ ಅಂಶಗಳನ್ನು ಪ್ರಾಮಾಣಿಕವಾಗಿ ಬಳಸು ಎಂಬುದು ನನ್ನ ಮೊದಲ ಸಲಹೆ, ಏಕೆಂದರೆ ಈ ವಿಷಯದಲ್ಲಿ ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನಷ್ಟೇ ಹೇಳುತ್ತಾರೆ.

ದೇಶಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಫ್ರಾನ್ಸ್ 2018ರಲ್ಲಿ ಕಾಯ್ದೆ ಮಾಡಿ ಸುಮಾರು 15 ವರ್ಷದವರೆಗಿನ ಮಕ್ಕಳ ಶಾಲೆಗಳಲ್ಲಿ ಮೊಬೈಲ್ ಬಳಕೆಯನ್ನು ನಿಷೇಧಿಸಿತು. ನೆದರ್ಲೆಂಡ್ಸ್‌ನ ಪ್ರೌಢಶಾಲೆಗಳ ತರಗತಿಗಳಲ್ಲಿ 2024ರ ಜನವರಿಯಿಂದ ನಿರ್ಬಂಧವಿದೆ. ಬ್ರೆಜಿಲ್ 2025ರ ಜನವರಿಯಲ್ಲಿ ರಾಷ್ಟ್ರಮಟ್ಟದ ಕಾಯ್ದೆ ತಂದಿತು. ದಕ್ಷಿಣ ಕೊರಿಯಾದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಥದೇ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಯುನೆಸ್ಕೊ ವರದಿ ಬಂದಾಗ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ ದೇಶಗಳಲ್ಲಿ ಇಂಥ ನಿಷೇಧವಿತ್ತು. 2024ರ ಕೊನೆಗೆ ಅದೇ ಸಂಸ್ಥೆಯ ಲೆಕ್ಕದಲ್ಲಿ 79 ಶಿಕ್ಷಣ ವ್ಯವಸ್ಥೆಗಳು, ಅಂದರೆ ಸುಮಾರು ಶೇ 40ರಷ್ಟು, ನಿಷೇಧ ಜಾರಿಗೆ ತಂದಿದ್ದವು.

ಅಂಕದ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವುದು 2015ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಪ್ರಕಟಿಸಿದ ಅಧ್ಯಯನವನ್ನು. ಇಂಗ್ಲೆಂಡಿನ ನಾಲ್ಕು ನಗರಗಳ 91 ಶಾಲೆಗಳನ್ನು ಪರಿಶೀಲಿಸಿದಾಗ, ನಿಷೇಧದ ಬಳಿಕ ಫಲಿತಾಂಶ ತುಸು ಸುಧಾರಿಸಿದ್ದು ಕಂಡುಬಂತು. ಒಳ ವಿವರವೇ ಹೆಚ್ಚು ಮುಖ್ಯ: ಕಲಿಕೆಯಲ್ಲಿ ಹಿಂದುಳಿದಿದ್ದ ಮಕ್ಕಳಿಗೆ ಹೆಚ್ಚಿನ ಪ್ರಯೋಜನವಾಗಿತ್ತು, ಮುಂದಿದ್ದವರಿಗೆ ವ್ಯತ್ಯಾಸವೇ ಆಗಿರಲಿಲ್ಲ. ಅದೇ ಬಗೆಯ ಪ್ರಶ್ನೆಯನ್ನು ಸ್ವೀಡನ್ನಿನ ಶಾಲೆಗಳಲ್ಲಿ ಕೇಳಿ 2020ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಯಾವ ಪರಿಣಾಮವೂ ಕಾಣಲಿಲ್ಲ. 2025ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 30 ಶಾಲೆಗಳ 1,227 ಮಕ್ಕಳನ್ನು ಹೋಲಿಸಿದಾಗ, ನಿರ್ಬಂಧವಿದ್ದ ಶಾಲೆಗಳ ಮಕ್ಕಳ ಮಾನಸಿಕ ಸ್ವಾಸ್ಥ್ಯ ಉಳಿದವರಿಗಿಂತ ಉತ್ತಮವಾಗೇನೂ ಇರಲಿಲ್ಲ. ಶಾಲೆಯಲ್ಲಿ ಬಳಕೆ ಕಡಿಮೆಯಾಗಿದ್ದರೂ, ದಿನದ ಒಟ್ಟು ಬಳಕೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಒಟ್ಟಾರೆ ಹೆಚ್ಚು ಹೊತ್ತು ಫೋನು ನೋಡುವ ಮಕ್ಕಳಲ್ಲಿ ನಿದ್ದೆ, ನಡವಳಿಕೆ, ಮನಸ್ಸಿನ ನೆಮ್ಮದಿ ಮೂರೂ ಕೆಟ್ಟಿದ್ದು ಅದೇ ಅಧ್ಯಯನದಲ್ಲಿ ಕಂಡಿತು. ವಿರೋಧವಾಗಿ ಮಾತನಾಡುವವರು ಈ ಕೊನೆಯ ವಾಕ್ಯವನ್ನು ಬಿಟ್ಟುಬಿಡುತ್ತಾರೆ, ನೀನು ಬಿಡಬೇಡ.

ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯ ಜೊತೆ 2022ರಲ್ಲಿ ನಡೆದ ಸಮೀಕ್ಷೆಯಲ್ಲಿ, ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ) ದೇಶಗಳ ಶೇ 59ರಷ್ಟು ಮಕ್ಕಳು ಗಣಿತದ ಕೆಲವು ತರಗತಿಗಳಲ್ಲಾದರೂ ಬೇರೆಯವರ ಉಪಕರಣಗಳಿಂದ ತಮ್ಮ ಗಮನ ಕೆಡುತ್ತದೆ ಎಂದಿದ್ದಾರೆ. ‘ಬೇರೆಯವರ’ ಎಂಬ ಪದವನ್ನು ಗಮನಿಸು. ಫೋನು ನನ್ನದು, ಸಮಯ ನನ್ನದು, ನಷ್ಟವೂ ನನ್ನದೇ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಪಕ್ಕದಲ್ಲಿ ಕುಳಿತವನ ಪಾಠವೂ ಹಾಳಾಗುತ್ತದೆ. ಇನ್ನೊಂದು ಕಡೆ, ನಿಷೇಧವಿರುವ ಶಾಲೆಗಳಲ್ಲಿಯೂ ಶೇ 29ರಷ್ಟು ಮಕ್ಕಳು ದಿನಕ್ಕೆ ಹಲವು ಬಾರಿ ಫೋನು ಬಳಸುತ್ತೇವೆ ಎಂದು ಒಪ್ಪಿಕೊಂಡಿದ್ದಾರೆ. ಬೋರ್ಡಿನ ಮೇಲೆ ಬರೆದ ಮಾತ್ರಕ್ಕೆ ನಿಯಮ ನಡೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ನನ್ನನ್ನು ಕೇಳಿದರೆ ನಾನು ಪರವಾಗಿ ಮಾತನಾಡುತ್ತಿದ್ದೆ, ಮತ್ತು ಕಾರಣವನ್ನು ಆ 2015ರ ಅಧ್ಯಯನದ ಒಳ ವಿವರದಿಂದಲೇ ಎತ್ತಿಕೊಳ್ಳುತ್ತಿದ್ದೆ. ಮನೆಯಲ್ಲಿ ಹೇಳಿಕೊಡುವವರಿರುವ, ಟ್ಯೂಷನ್ನಿಗೆ ಹೋಗುವ ಮಗು ತರಗತಿಯಲ್ಲಿ ಕಳೆದುಕೊಂಡದ್ದನ್ನು ಸಂಜೆ ತುಂಬಿಕೊಳ್ಳುತ್ತದೆ. ತರಗತಿಯ ನಲವತ್ತು ನಿಮಿಷ ಬಿಟ್ಟರೆ ಬೇರೆ ಪಾಠವೇ ಸಿಗದ ಮಗುವಿಗೆ ಆ ನಲವತ್ತು ನಿಮಿಷವೇ ಎಲ್ಲವೂ. ಅದನ್ನು ಕಾಪಾಡುವ ನಿಯಮವನ್ನು ನಾನು ಒಪ್ಪುತ್ತೇನೆ.

ಪ್ರಶ್ನೆ: ಬ್ಯಾಗಿನಲ್ಲಿ ಫೋನ್ ಸಿಕ್ಕಿತೆಂದು ತೆಗೆದುಕೊಂಡರು. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಲಾಕ್ ತೆಗೆಸಿ, ನನ್ನ ಮೆಸೇಜುಗಳನ್ನು ಇಡೀ ತರಗತಿಯ ಎದುರು ಓದಿದರು. ಈಗ ಫೋನನ್ನು ಮಾರ್ಚ್‌ವರೆಗೆ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಎಲ್ಲರೂ ಆ ಮೆಸೇಜಿನ ಸಾಲು ಹೇಳಿ ನಗುತ್ತಾರೆ. ಶಾಲೆಗೆ ಹೋಗಲು ಮನಸ್ಸಿಲ್ಲ. (ಎಂಟನೇ ತರಗತಿ, ದಾವಣಗೆರೆ ಜಿಲ್ಲೆ)

ಉತ್ತರ: ನಿನ್ನ ತಪ್ಪನ್ನು ನೀನೇ ಮೊದಲ ಸಾಲಿನಲ್ಲಿ ಒಪ್ಪಿಕೊಂಡಿದ್ದೀಯೆ, ಅಷ್ಟು ನೇರವಾದ ಹುಡುಗನಿಗೆ ಹೀಗಾಗಬಾರದಿತ್ತು. ಫೋನನ್ನು ತೆಗೆದಿಟ್ಟುಕೊಳ್ಳುವುದು ಬೇರೆ, ಅದರೊಳಗೆ ಇಣುಕುವುದು ಬೇರೆ. ಮೊದಲನೆಯದು ಶಿಸ್ತಿನ ಕ್ರಮ. ದೆಹಲಿ ಹೈಕೋರ್ಟ್ ಕೂಡ ನಿಯಮ ಮೀರಿದವರ ಫೋನನ್ನು ಒಂದು ಗೊತ್ತಾದ ಅವಧಿಗೆ ಇಟ್ಟುಕೊಳ್ಳುವುದನ್ನು ಒಪ್ಪಿದೆ, ಆದರೆ ಕ್ರಮವು ನ್ಯಾಯಸಮ್ಮತವಾಗಿರಬೇಕು, ವಿಪರೀತ ಕಠಿಣವಾಗಿರಬಾರದು ಎಂದೂ ಹೇಳಿದೆ. ತಂದೆ ದುಡಿದು ಕೊಂಡ ವಸ್ತುವನ್ನು ತಿಂಗಳುಗಟ್ಟಲೆ ಬೀರುವಿನಲ್ಲಿ ಇಡುವುದು ಆ ಮಾತಿಗೆ ಹೊಂದುವುದಿಲ್ಲ. ಪೋಷಕರನ್ನು ಕರೆಸಿ, ಅವರ ಕೈಗೆ ಕೊಟ್ಟು, ಸಹಿ ಪಡೆಯುವುದು ಸರಿಯಾದ ಕ್ರಮ.

ಎರಡನೆಯದಕ್ಕೆ ಯಾವ ಸಮರ್ಥನೆಯೂ ಇಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ಹೇಳಿತು. ಆ ಮೊಕದ್ದಮೆ ಯಾರ ಹೆಸರಿನಲ್ಲಿ ಪ್ರಸಿದ್ಧವಾಯಿತೋ ಆ ಕೆ.ಎಸ್. ಪುಟ್ಟಸ್ವಾಮಿ ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ 6ರಿಂದ 14 ವರ್ಷದ ಮಕ್ಕಳಿಗೆ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗುವಿನ ಸಂದೇಶವನ್ನು ಓದಿ ತರಗತಿಯನ್ನು ನಗಿಸುವುದು ಮಾನಸಿಕ ಕಿರುಕುಳವಲ್ಲದೆ ಬೇರೇನೂ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪ್ಪ ಅಮ್ಮ ಮುಖ್ಯ ಶಿಕ್ಷಕರನ್ನು ಭೇಟಿಯಾಗಿ, ಆದದ್ದನ್ನು ಲಿಖಿತವಾಗಿ ಕೊಡಲಿ. ಅಲ್ಲಿ ಪರಿಹಾರ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿದೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಶಾಲೆ ಬಿಡುವ ಯೋಚನೆ ಮಾತ್ರ ಬೇಡ. ಹುಡುಗರ ನಗು ಎರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ, ನಾನು ಕಂಡ ಮಟ್ಟಿಗೆ. ಮನಸ್ಸು ತೀರ ಭಾರವಾದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡು, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ನಾವು ಪದವಿಪೂರ್ವ ವಿದ್ಯಾರ್ಥಿನಿಯರು. ಸಂಜೆ ಆರಕ್ಕೆ ನಮ್ಮ ಹಾಸ್ಟೆಲಿನಲ್ಲಿ ಫೋನು ತೆಗೆದುಕೊಂಡು ಬೆಳಿಗ್ಗೆ ಕೊಡುತ್ತಾರೆ. ಹುಡುಗರ ಹಾಸ್ಟೆಲಿನಲ್ಲಿ ಈ ನಿಯಮವಿಲ್ಲ. ಕೇಳಿದರೆ ‘ಹುಡುಗಿಯರು ಹಾಳಾಗುತ್ತಾರೆ’ ಎನ್ನುತ್ತಾರೆ. (ಕಲಬುರಗಿ)

ಉತ್ತರ: ನಿಯಮವು ಓದಿಗಾಗಿ ಎನ್ನುವುದಾದರೆ ಹುಡುಗರೂ ಓದಬೇಕಾದವರೇ. ಒಂದೇ ಸಂಸ್ಥೆ, ಒಂದೇ ಪರೀಕ್ಷೆ, ನಿಯಮ ಮಾತ್ರ ಎರಡು ಎಂದಾಗ ಅದರ ಉದ್ದೇಶ ಓದಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಇದಕ್ಕೆ ಬಹಳ ಹತ್ತಿರದ ಪ್ರಕರಣವೊಂದನ್ನು ತೀರ್ಮಾನಿಸಿತು. ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವಿತ್ತು; ಅದನ್ನು ಒಪ್ಪದ ಬಿ.ಎ. ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಿದರು. ಅಂತರ್ಜಾಲದ ಬಳಕೆಯು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿದ ನ್ಯಾಯಾಲಯ, ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಒಂದು ವ್ಯತ್ಯಾಸವನ್ನು ಮರೆಯಬಾರದು: ಆಕೆ ವಯಸ್ಕಳಾಗಿದ್ದಳು, ನಿಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ 18 ತುಂಬಿಲ್ಲ. ಹೀಗಾಗಿ ನಿಮ್ಮ ಬೇಡಿಕೆ ಇಷ್ಟಿರಲಿ: ನಿಯಮ ಎರಡೂ ಹಾಸ್ಟೆಲಿಗೆ ಒಂದೇ ಇರಬೇಕು, ಊಟದ ಬಳಿಕ ಮನೆಯವರೊಂದಿಗೆ ಮಾತನಾಡಲು, ಪಾಠದ ವಿಡಿಯೊ ನೋಡಲು ಗೊತ್ತಾದ ಸಮಯವಿರಬೇಕು, ರಾತ್ರಿ ಮಲಗುವ ಹೊತ್ತಿಗೆ ಎಲ್ಲರೂ ಒಪ್ಪಿಸಬೇಕು. ಕೊನೆಯ ಮಾತನ್ನು ನೀವೇ ಮುಂದಾಗಿ ಸೂಚಿಸಿದರೆ ವಾರ್ಡನ್ನರ ಅರ್ಧ ಆತಂಕ ಅಲ್ಲೇ ಕಡಿಮೆಯಾಗುತ್ತದೆ. ನಿದ್ದೆಯ ದೃಷ್ಟಿಯಿಂದ ಅದು ನಿಮಗೂ ಒಳ್ಳೆಯದು.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ, ಟೈಪ್ 1 ಮಧುಮೇಹವಿದೆ. ತೋಳಿಗೆ ಅಂಟಿಸಿದ ಸೆನ್ಸರ್ ಸಕ್ಕರೆಯ ಮಟ್ಟವನ್ನು ಫೋನಿಗೆ ಕಳುಹಿಸುತ್ತದೆ, ಇಳಿದರೆ ಸದ್ದು ಮಾಡುತ್ತದೆ. ಶಾಲೆಯವರು ‘ನಿಯಮ ಎಲ್ಲರಿಗೂ ಒಂದೇ’ ಎನ್ನುತ್ತಿದ್ದಾರೆ. (ತಾಯಿ, ಮೈಸೂರು)

ಉತ್ತರ: ತಾಯಿ, ನಿಮ್ಮ ಮಗಳ ಕೈಯಲ್ಲಿರುವುದು ಔಷಧೋಪಚಾರದ ಭಾಗವೇ ಹೊರತು ಆಟದ ಸಾಧನವಲ್ಲ. ಫ್ರಾನ್ಸಿನ 2018ರ ಕಾಯ್ದೆಯಲ್ಲೂ ಬ್ರೆಜಿಲ್ಲಿನ 2025ರ ಕಾಯ್ದೆಯಲ್ಲೂ ಆರೋಗ್ಯ ಮತ್ತು ಅಂಗವೈಕಲ್ಯದ ಕಾರಣಕ್ಕೆ ವಿನಾಯಿತಿ ಕಾಯ್ದೆಯೊಳಗೇ ಇದೆ. ನಮ್ಮಲ್ಲಿ ಸಿಬಿಎಸ್‌ಇ 2017ರಿಂದಲೇ ಮಧುಮೇಹವಿರುವ ಮಕ್ಕಳಿಗೆ ಬೋರ್ಡ್ ಪರೀಕ್ಷೆಯ ಕೊಠಡಿಗೂ ಸಿಹಿ, ಹಣ್ಣು ಮುಂತಾದವನ್ನು ಒಯ್ಯಲು ಅವಕಾಶ ಕೊಟ್ಟಿದೆ. ಪರೀಕ್ಷಾ ಕೊಠಡಿಗೆ ಸಿಗುವ ವಿನಾಯಿತಿ ಸಾಮಾನ್ಯ ತರಗತಿಗೆ ಸಿಗದಿರಲು ಕಾರಣವೇ ಇಲ್ಲ. ವೈದ್ಯರಿಂದ ಒಂದು ಪತ್ರ ಪಡೆಯಿರಿ. ಫೋನು ಶಿಕ್ಷಕರ ಮೇಜಿನ ಮೇಲಿರಲಿ, ಕಚೇರಿಯಲ್ಲಿ ಬೇಡ, ಏಕೆಂದರೆ ದೂರವಾದರೆ ಸೆನ್ಸರಿನ ಸಂಪರ್ಕ ತಪ್ಪುತ್ತದೆ. ಬೆವರುವುದು, ಕೈ ನಡುಗುವುದು, ಮಾತು ತೊದಲುವುದು ಕಂಡರೆ ತಕ್ಷಣ ಸಕ್ಕರೆ ಅಥವಾ ಹಣ್ಣಿನ ರಸ ಕೊಡಬೇಕೆಂಬುದನ್ನು ತರಗತಿ ಶಿಕ್ಷಕರಿಗೂ ದೈಹಿಕ ಶಿಕ್ಷಕರಿಗೂ ನೀವೇ ಹೋಗಿ ತೋರಿಸಿಕೊಡಿ. ಆಟದ ಮೈದಾನದಲ್ಲಿಯೇ ಇದು ಹೆಚ್ಚಾಗಿ ಬೇಕಾಗುವುದು.

ಪ್ರಶ್ನೆ: ಮೇಷ್ಟ್ರು ಪಾಠದ ನಡುವೆ ಫೋನ್ ನೋಡುತ್ತಾರೆ. ಅವರಿಗೇಕೆ ನಿಯಮವಿಲ್ಲ? (ಆರನೇ ತರಗತಿ, ಗದಗ)

ಉತ್ತರ: ಅವರಿಗೂ ಇರಬೇಕು. ಮಕ್ಕಳ ವಿವರಗಳನ್ನು ಸ್ಯಾಟ್ಸ್ ಎಂಬ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ತುಂಬುವುದು, ಇಲಾಖೆ ಕೇಳಿದ ಮಾಹಿತಿಯನ್ನು ತಕ್ಷಣ ಕಳುಹಿಸುವುದು ಎಂದು ಶಿಕ್ಷಕರಿಗೆ ಫೋನಿನಲ್ಲೇ ಹಲವು ಕೆಲಸಗಳಿರುವುದು ನಿಜ. ಅದನ್ನು ಪಾಠದ ಅವಧಿಯ ಹೊರಗೆ ಮಾಡಬೇಕು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಎಂಬ ಊರಿನಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ, ಒಂದೂವರೆ ಗಂಟೆ ಊರಿನ ಟಿವಿ, ಮೊಬೈಲ್ ಎಲ್ಲ ಬಂದ್. ಬೆಳಗಾವಿ ಹತ್ತಿರದ ಹಲಗಾ ಗ್ರಾಮದವರೂ ಇಂಥದೇ ಪದ್ಧತಿಯನ್ನು ಆರಂಭಿಸಿದರು. ಅಲ್ಲಿ ಮಕ್ಕಳು ಒಪ್ಪಿದ್ದು ದೊಡ್ಡವರೂ ತಮ್ಮ ಫೋನನ್ನು ಕೆಳಗಿಟ್ಟಿದ್ದರಿಂದ.

ಪ್ರಶ್ನೆ: ಎಲ್ಲರೂ ನಿಷೇಧವನ್ನು ಬೈಯುತ್ತಾರೆ. ನನಗೆ ಮಾತ್ರ ಸಮಾಧಾನವಾಗಿದೆ. ಹೋದ ವರ್ಷ ನಾನು ಹಲಗೆಯ ಹತ್ತಿರ ಲೆಕ್ಕ ತಪ್ಪಾಗಿ ಬಿಡಿಸಿ ಅತ್ತಿದ್ದನ್ನು ಯಾರೋ ವಿಡಿಯೊ ಮಾಡಿ, ಹಾಡು ಸೇರಿಸಿ ಹಂಚಿದ್ದರು. ಅದು ಇನ್ನೂ ಯಾರ ಹತ್ತಿರ ಇದೆಯೋ ಗೊತ್ತಿಲ್ಲ. (ಹತ್ತನೇ ತರಗತಿ ವಿದ್ಯಾರ್ಥಿನಿ, ತುಮಕೂರು ಜಿಲ್ಲೆ)

ಉತ್ತರ: ನಿಷೇಧದ ಬಗ್ಗೆ ಬಂದ ಪತ್ರಗಳಲ್ಲಿ ನಾನು ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ಕುಳಿತದ್ದು ನಿನ್ನ ಪತ್ರವನ್ನು. ತರಗತಿ ಎಂದರೆ ತಪ್ಪು ಮಾಡಲು ಅನುಮತಿಯಿರುವ ಜಾಗ. ಹಲಗೆಯ ಮೇಲೆ ಬರೆದ ತಪ್ಪು ಡಸ್ಟರಿನಿಂದ ಒರೆಸಿದ ಕೂಡಲೇ ಹೋಗುತ್ತದೆಂಬ ಭರವಸೆಯಿಂದಲೇ ಮಕ್ಕಳು ಸೀಮೆಸುಣ್ಣ ಹಿಡಿದು ಮುಂದೆ ಬರುತ್ತಾರೆ. ಕ್ಯಾಮೆರಾ ಒಳಗೆ ಬಂದ ಮೇಲೆ ಆ ಭರವಸೆ ಉಳಿಯುವುದಿಲ್ಲ. ಅಂಕ, ಏಕಾಗ್ರತೆಗಳ ಲೆಕ್ಕ ಏನೇ ಇರಲಿ, ಈ ಒಂದು ಕಾರಣಕ್ಕಾದರೂ ತರಗತಿಯಲ್ಲಿ ಕ್ಯಾಮೆರಾ ಇರುವ ಫೋನು ಬೇಡವೆಂದು ನಾನು ಹಟ ಹಿಡಿಯುತ್ತೇನೆ. ದೆಹಲಿ ಹೈಕೋರ್ಟಿನ ಮಾರ್ಗಸೂತ್ರವೂ ಶಾಲೆಯ ಆವರಣದಲ್ಲಷ್ಟೇ ಅಲ್ಲದೆ ಶಾಲಾ ವಾಹನದಲ್ಲಿಯೂ ಚಿತ್ರೀಕರಣವನ್ನು ತಡೆಯಬೇಕೆಂದು ಹೇಳಿದೆ.

ಆ ವಿಡಿಯೊ ಸಾಮಾಜಿಕ ಜಾಲತಾಣದಲ್ಲಿ ಇದ್ದರೆ ಅಲ್ಲಿಯೇ ದೂರು ಸಲ್ಲಿಸಿ ತೆಗೆಸಬಹುದು. ಅದನ್ನು ತಿರುಚಿ ಅಸಭ್ಯವಾಗಿಸಿದ್ದರೆ, ಅಥವಾ ಯಾರಾದರೂ ಅದನ್ನು ಹಿಡಿದು ಹೆದರಿಸಿದರೆ ತಡಮಾಡಬೇಡ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದ್ದು, ಹೆಸರು ತಿಳಿಸದೆಯೂ ದೂರು ಕೊಡಬಹುದು. ದೂರಿಗೆ ಬೇಕಾಗುವುದರಿಂದ, ಸಿಕ್ಕಿದ ಪ್ರತಿಯ ಸ್ಕ್ರೀನ್‌ಶಾಟ್, ದಿನಾಂಕ, ಸಂಖ್ಯೆಗಳನ್ನು ಅಳಿಸದೆ ಇಟ್ಟುಕೊ. ಅಮ್ಮನಿಗೆ ಇನ್ನೂ ಹೇಳಿಲ್ಲವಾದರೆ ಇಂದೇ ಹೇಳು. ಮತ್ತೆ ಒಂದು ಮಾತು: ಹಲಗೆಯ ಹತ್ತಿರ ಹೋಗುವುದನ್ನು ನಿಲ್ಲಿಸಬೇಡ.

ಪ್ರಶ್ನೆ: ಮುಖ್ಯ ಶಿಕ್ಷಕರು ಮೊಬೈಲ್ ನಿಯಮದ ಕರಡನ್ನು ಬರೆದುಕೊಡಲು ನಮ್ಮ ಶಾಲಾ ಸಂಸತ್ತಿಗೇ ಹೇಳಿದ್ದಾರೆ. ಏನು ಬರೆಯಬೇಕು? (ಶಾಲಾ ಸಂಸತ್ತಿನ ಮಂತ್ರಿಗಳು, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ನಿಮ್ಮ ಮುಖ್ಯ ಶಿಕ್ಷಕರಿಗೆ ನನ್ನ ನಮಸ್ಕಾರ ತಿಳಿಸಿ. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಅಭಿಪ್ರಾಯ ಕೇಳಬೇಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿಯೇ ಒಪ್ಪಿದೆ.

ಕರಡು ಒಂದು ಪುಟವನ್ನು ಮೀರದಿರಲಿ. ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಯಾರೂ ಫೋನು ಬಳಸುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಬಿಡುವಿನ ವೇಳೆಯೂ ಸೇರಲಿ, ಇಲ್ಲದಿದ್ದರೆ ಆಟದ ಮೈದಾನ ಖಾಲಿಯಾಗುತ್ತದೆ. ಫೋನು ತರಬೇಕಾದ ಮಕ್ಕಳು ಯಾರು, ಅದನ್ನು ಎಲ್ಲಿಡಬೇಕು, ಕಳೆದರೆ ಹೊಣೆ ಯಾರದು ಎಂಬುದು ಸ್ಪಷ್ಟವಾಗಿರಲಿ. ನಾನು ಭೇಟಿ ಕೊಟ್ಟ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳೇ ದಪ್ಪ ಬಟ್ಟೆಯಲ್ಲಿ ಸಾಲುಸಾಲು ಖಾನೆಗಳನ್ನು ಹೊಲಿದು, ಪ್ರತಿ ಖಾನೆಯ ಮೇಲೆ ಹಾಜರಿ ಸಂಖ್ಯೆಯನ್ನು ಕೆಂಪು ದಾರದಲ್ಲಿ ಕಸೂತಿ ಹಾಕಿ, ಕಚೇರಿಯ ಬಾಗಿಲ ಹಿಂದೆ ತೂಗುಹಾಕಿದ್ದರು. ಬೆಳಿಗ್ಗೆ ಇಡುವಾಗ ಒಂದು ಸಹಿ, ಸಂಜೆ ಪಡೆಯುವಾಗ ಇನ್ನೊಂದು ಸಹಿ. ಖರ್ಚು ಬಟ್ಟೆ ಮತ್ತು ದಾರದ್ದು ಮಾತ್ರ.

ನಿಯಮ ಮೀರಿದರೆ ಮೊದಲ ಸಲ ಸಂಜೆಯವರೆಗೆ, ಎರಡನೇ ಸಲ ಪೋಷಕರು ಬರುವವರೆಗೆ ಇಟ್ಟುಕೊಳ್ಳುವುದೆಂದು ನಿಗದಿಯಾಗಲಿ. ಯಾರೂ ಮತ್ತೊಬ್ಬರ ಫೋನು ತೆರೆದು ನೋಡಬಾರದು, ಶಿಕ್ಷಕರೂ ಸಹ, ಎಂಬ ಸಾಲನ್ನು ಬಿಡಬೇಡಿ. ಆರೋಗ್ಯದ ಕಾರಣಕ್ಕೆ ವಿನಾಯಿತಿ, ಹೋಂವರ್ಕ್ ಹಲಗೆಯ ಮೇಲೆ, ಮನೆಗೆ ಕರೆ ಮಾಡಲು ಶಾಲೆಯದೇ ಒಂದು ಫೋನು, ಶಿಕ್ಷಕರ ಫೋನು ಪಾಠದ ಅವಧಿಯಲ್ಲಿ ಸಿಬ್ಬಂದಿ ಕೊಠಡಿಯಲ್ಲಿ, ಈ ನಾಲ್ಕೂ ಇರಲಿ. ಬರೆದ ಮೇಲೆ ದೂರದ ಊರಿನಿಂದ ಬರುವ ಮಕ್ಕಳಿಗೂ ಐದನೇ ತರಗತಿಯ ಮಕ್ಕಳಿಗೂ ಓದಿ ಹೇಳಿ. ಅವರಿಗೆ ಅರ್ಥವಾಗದ ವಾಕ್ಯವನ್ನು ಬದಲಿಸಿ. ಶಾಲೆಯ ಫೋನಿಗೆ ಹಣವಿಲ್ಲ ಎಂಬ ಉತ್ತರ ಬಂದರೆ, ನಿಮ್ಮ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಯಲ್ಲಿ ಅದನ್ನೇ ಮೊದಲ ಬೇಡಿಕೆಯಾಗಿ ಇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಕರಡಿನ ಒಂದು ಪ್ರತಿಯನ್ನು ನಮಗೂ ಕಳುಹಿಸಿ; ಹೊಸನಗರದ ಹುಡುಗಿಯ ಶಾಲೆಗೆ ಅದನ್ನು ತಲುಪಿಸುವ ಕೆಲಸ ನನ್ನದು.